ಹತ್ತು ಪಾಯಿಂಟ್ ಒಂಬತ್ತು

“ಡಬ್ಬಿ ಇದೇ. ಆದ್ರೆ ಅವತ್ತು ಇದರೊಳಗೆ ಇದ್ದಿದ್ದು ಈ ಬ್ಯಾಟರಿ ಅಲ್ಲ,” ಎಂದಳು ಗುಬ್ಬಿ.

ಬಾಗಿಲಲ್ಲಿ ನಿಂತಿದ್ದ ಮಾಮನ ಮಗಳು, ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದುಕೊಂಡಳು. “ಏನಕ್ಕಾ ಹಾಗಂದ್ರೆ?”

“ಹೇಳ್ತೀನಿ. ಮೊದಲು ಬಾಗಿಲು ಹಾಕ್ಕೊಂಡು ಒಳಗೆ ಬಾ. ನಿಮ್ಮಪ್ಪನಿಗೆ ಕೇಳಿಸೋದು ಬೇಡ.”

ಹೋದ ಭಾನುವಾರ ವೈರ್‌ಲೆಸ್ ಮಾಮನ ಹಳದಿ ರೆಕ್ಕೆಯ ಮಾದರಿ ವಿಮಾನ ಅವರ ಹಿಡಿತ ತಪ್ಪಿ, ಹಾರಾಟದ ಕ್ಲಬ್ಬಿನ ಕಾರ್ಯದರ್ಶಿಯ ಹೆಗಲಿಗೆ ಬಡಿದು ಮೂಳೆ ಮುರಿದಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಸಭೆ ಕೂತು, ಮಾಮ ಇನ್ನೆಂದೂ ವಿಮಾನ ನಡೆಸುವ ಆ ಡಬ್ಬಿ, ಅಂದರೆ ಟ್ರಾನ್ಸ್‌ಮಿಟರ್ ಮುಟ್ಟಬಾರದೆಂದು ಬರೆದುಕೊಳ್ಳಲಿತ್ತು.

ಸಭೆ ಬರೀ ಹೆಸರಿಗೆ. ತೀರ್ಮಾನ ಆಗಲೇ ಎಲ್ಲರ ಬಾಯಲ್ಲಿತ್ತು. ಅಪಘಾತವಾದ ಅರ್ಧ ಗಂಟೆಯೊಳಗೆ ನಾಲ್ಕು ಜನ ನಿಂತು ಟ್ರಾನ್ಸ್‌ಮಿಟರಿನ ಬೆನ್ನು ಬಿಚ್ಚಿ, ಬ್ಯಾಟರಿಗೆ ಮೀಟರ್ ಹಿಡಿದು, 10.3 ವೋಲ್ಟ್ ಎಂದು ಬರೆದುಕೊಂಡಿದ್ದರು. ಬ್ಯಾಟರಿ ಗಟ್ಟಿಮುಟ್ಟಾಗಿದೆ, ಯಂತ್ರಕ್ಕೂ ಏನೂ ಆಗಿಲ್ಲ. ಹಾಗಾದರೆ ಕೆಟ್ಟಿರುವುದು ಮುದುಕನ ಕೈ, ಇಲ್ಲವೇ ತಲೆ. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ಮಾಮ ತಾವೇ ಅದಕ್ಕೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಯ ಸುದ್ದಿ ಕೇಳಿ ತಾಳಲಾರದೆಯೇ ಗುಬ್ಬಿ ರಜೆ ಹಾಕಿ ಬಂದಿದ್ದಳು.

ಗುಬ್ಬಿ ಎಂದರೆ ಹಿಡಿಗಾತ್ರದ ಹೆಂಗಸೆಂದು ಯಾರೂ ತಿಳಿಯಬೇಡಿ. ಐವತ್ತೆರಡು ವಯಸ್ಸು, ಅದಕ್ಕೆ ತಕ್ಕ ಭಾರ, ಮೂಗಿನ ತುದಿಗೆ ಕನ್ನಡಕ. ವಿಮಾ ಕಂಪನಿಯ ಸರ್ವೇಯರ್ ಆಗಿ ಇಪ್ಪತ್ತೆಂಟು ವರ್ಷ ಸುಟ್ಟ ಗೋದಾಮು, ಮಗುಚಿದ ಲಾರಿಗಳ ನಡುವೆ ಓಡಾಡಿದವಳು. ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ವಾಸನೆಯಲ್ಲೇ ಹೇಳುವುದರಲ್ಲಿ ಎತ್ತಿದ ಕೈ. ಹನ್ನೊಂದು ವರ್ಷದವಳಿದ್ದಾಗ, ಗಾಳಿಗೆ ಹಾರಿಹೋಗುವಂತಿದ್ದಾಗ, ಮೈದಾನದಲ್ಲಿ ವಿಮಾನ ಹಾರಿಸಲು ಕಲಿಸುತ್ತಿದ್ದ ಮಾಮ ಇಟ್ಟ ಹೆಸರು ಅದು. ಮೈ ಬೆಳೆಯಿತು, ಹೆಸರು ಮಾತ್ರ ಬೆಳೆಯಲಿಲ್ಲ.

ಅಂಥ ಮಾಮನ ಮನೆಗೆ ಅವಳು ಈಗ ಕಾಲಿಟ್ಟದ್ದು ಒಂಬತ್ತು ವರ್ಷಗಳ ಮೇಲೆ. ಹೋದ ಭಾನುವಾರವೇ ಅವರಿಗೆ ಎಪ್ಪತ್ತೈದು ತುಂಬಿದ್ದು. ಅದಕ್ಕೂ ಬರಲಾಗದೆ, ಹಳೆಯ ಗೆಳೆಯ ಗೋಂದಿಗೆ ಫೋನ್ ಮಾಡಿ, “ನನ್ನ ಕಡೆಯಿಂದ ಏನಾದ್ರೂ ಕೊಟ್ಬಿಡೋ” ಎಂದು ಹೇಳಿ ಕೈತೊಳೆದುಕೊಂಡಿದ್ದಳು. ಅದನ್ನು ನೆನೆದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

“ಈ ಪುಸ್ತಕ ನೋಡು,” ಎಂದಳು.

ಅಂಗೈ ಅಗಲದ, ಕಪ್ಪು ರಟ್ಟಿನ ಪುಸ್ತಕ. ಅದು ಕಳೆದುಹೋಗಿದೆ ಎಂದು ಮಾಮ ಒಂದು ವಾರದಿಂದ ಹೇಳುತ್ತಿದ್ದರು. ಇವತ್ತು ಬೆಳಿಗ್ಗೆ ಮಗಳಿಗೆ ಅದು ಸಿಕ್ಕಿದ್ದು ಹೊಲಿಗೆ ಯಂತ್ರದ ಕೆಳಗಿನ ಡ್ರಾಯರಿನಲ್ಲಿ, ಹಳೆಯ ಗುಂಡಿಗಳ ಅಡಿಯಲ್ಲಿ. ಎಲ್ಲಿಟ್ಟೆನೆಂಬುದೇ ಅಪ್ಪನಿಗೆ ನೆನಪಿಲ್ಲವಲ್ಲ ಎಂದು ಅವಳು ಅತ್ತಿದ್ದಳು.

ಗುಬ್ಬಿ ಪುಟ ತೆರೆದಳು. ಒಂದು ಕ್ಷಣ ಕಣ್ಣು ಮಂಜಾಯಿತು. ಅದೇ ಸಣ್ಣ, ನೆಟ್ಟಗಿನ ಅಕ್ಷರ. ಹಡಗುಗಳ ಜೊತೆ ಮಾತಾಡುವ ವೈರ್‌ಲೆಸ್ ಕೇಂದ್ರದಲ್ಲಿ ಮೂವತ್ತು ವರ್ಷ ದುಡಿದವರ ಅಭ್ಯಾಸ, ಪ್ರತಿಯೊಂದು ಸೊನ್ನೆಯ ಹೊಟ್ಟೆಯಲ್ಲೂ ಒಂದು ಓರೆಗೆರೆ. ಸೊನ್ನೆಯನ್ನು ಓ ಅಕ್ಷರವೆಂದು ಓದಿ ಯಾರೂ ದಾರಿ ತಪ್ಪಬಾರದೆಂದು ಹಾಕುತ್ತಿದ್ದ ಗೆರೆ. ಚಿಕ್ಕವಳಿದ್ದಾಗ ಗುಬ್ಬಿಯೂ ಹಾಗೇ ಬರೆಯಲು ಹೋಗಿ, ಲೆಕ್ಕದ ಟೀಚರಿಂದ ಬೈಸಿಕೊಂಡಿದ್ದಳು.

ಮೈದಾನದಲ್ಲಿ ಮಾಮನದು ಒಂದೇ ಕಟ್ಟಳೆಯಿತ್ತು. ದಿನದ ಮೊದಲ ಹಾರಾಟಕ್ಕೆ ಮುಂಚೆ ಟ್ರಾನ್ಸ್‌ಮಿಟರಿನ ವೋಲ್ಟೇಜ್ ಓದಬೇಕು, ಬರೆಯಬೇಕು. ಪ್ರತಿ ಸಲ ಇಳಿದ ಮೇಲೆ ಮತ್ತೆ ಓದಬೇಕು, ಬರೆಯಬೇಕು. 9.6ಕ್ಕೆ ಇಳಿದರೆ ಅವತ್ತಿನ ಆಟ ಮುಗಿಯಿತು. 9.3ಕ್ಕೆ ಡಬ್ಬಿಯ ಬಜರ್ ಕೂಗುತ್ತದೆ. ಆದರೆ ಬಜರ್ ಕೂಗುವವರೆಗೆ ಕಾಯುವವನು ಪೈಲಟ್ ಅಲ್ಲ, ಜೂಜುಕೋರ ಎನ್ನುತ್ತಿದ್ದರು. ಒಮ್ಮೆ ಗುಬ್ಬಿ ಓದದೆಯೇ ಅಂದಾಜಿನಲ್ಲಿ ‘ಹತ್ತು’ ಎಂದು ಬರೆದಿದ್ದಳು. ಮಾಮ ಬೈಯಲಿಲ್ಲ. ಒಂದು ತಿಂಗಳು ಅವಳ ಕೈಗೆ ಡಬ್ಬಿ ಕೊಡಲಿಲ್ಲ, ಅಷ್ಟೇ. ಆ ತಿಂಗಳು ಅವಳು ಬೇಲಿಯ ಪಕ್ಕ ಕೂತು, ಬೇರೆಯವರ ವಿಮಾನಗಳನ್ನು ನೋಡುತ್ತ ಹುಲ್ಲು ಕಿತ್ತಿದ್ದೇ ಕಿತ್ತಿದ್ದು. ಅವತ್ತಿನಿಂದ ಇವತ್ತಿನವರೆಗೆ ಅವಳ ಯಾವ ವರದಿಯಲ್ಲೂ ಅಂದಾಜಿನ ಸಂಖ್ಯೆಯೊಂದು ನುಸುಳಿಲ್ಲ.

“ಭಾನುವಾರದ್ದು ಓದು,” ಎಂದಳು.

ಮಗಳು ಓದಿದಳು. “ಹತ್ತು ಪಾಯಿಂಟ್ ಒಂಬತ್ತು. ಹತ್ತು ಪಾಯಿಂಟ್ ಎಂಟು. ಹತ್ತು ಪಾಯಿಂಟ್ ಏಳು. ಆಮೇಲೆ ಖಾಲಿ.”

“ಆಮೇಲೆ ವಿಮಾನ ಬಿತ್ತು. ಕಮಿಟಿಯೋರು ಅಳೆದಾಗ ಹತ್ತು ಪಾಯಿಂಟ್ ಮೂರು. ಏನನ್ನಿಸುತ್ತೆ?”

“ಏನನ್ನಿಸ್ಬೇಕು? ಇಳೀತಾ ಬಂದಿದೆ. ಸರಿಯಾಗೇ ಇದೆಯಲ್ಲ ಅಕ್ಕ.”

“ಎಲ್ಲರಿಗೂ ಹಾಗೇ ಅನ್ನಿಸಿದ್ದು. ಈಗ ಅದರ ಹಿಂದಿನ ವಾರದ್ದು ಓದು. ಅದರ ಹಿಂದಿನ ವಾರದ್ದೂ ಓದು.”

ಮಗಳು ಪುಟ ಹಿಂದಕ್ಕೆ ತಿರುವುತ್ತ ಹೋದಳು. 10.3, 10.1, 9.9. ಅದರ ಹಿಂದೆ 10.3, 10.1, 9.9. ಅದಕ್ಕೂ ಹಿಂದೆ 10.4 ಒಂದೇ ಒಂದು ಸಲ. ಪುಟ ತಿರುವುವ ಬೆರಳು ನಿಧಾನವಾಯಿತು.

“ಮೂರು ವರ್ಷದಿಂದ ಈ ಹಳೇ ನಿಕಲ್ ಬ್ಯಾಟರಿ ಹತ್ತು ಪಾಯಿಂಟ್ ನಾಲ್ಕು ದಾಟಿಲ್ಲ,” ಎಂದಳು ಗುಬ್ಬಿ. “ಮುದಿ ಬ್ಯಾಟರಿ, ರಾತ್ರಿಯಿಡೀ ಚಾರ್ಜಿಗೆ ಹಾಕಿದ್ರೂ ಅಷ್ಟೇ. ಅದು ಇದ್ದಕ್ಕಿದ್ದ ಹಾಗೆ ಹತ್ತು ಪಾಯಿಂಟ್ ಒಂಬತ್ತು ಹೇಗೆ ತೋರಿಸುತ್ತೆ? ಒಂದೊಂದು ಹಾರಾಟಕ್ಕೆ ಎರಡೆರಡು ಪಾಯಿಂಟ್ ಇಳಿಯೋದು, ಅವತ್ತು ಒಂದೊಂದೇ ಹೇಗೆ ಇಳಿಯುತ್ತೆ? ಕಮಿಟಿಯೋರಿಗೆ ಸಿಕ್ಕ ಹತ್ತು ಪಾಯಿಂಟ್ ಮೂರು ಇದೆಯಲ್ಲ, ಅದು ಈ ಬ್ಯಾಟರಿ ಬೆಳಿಗ್ಗೆ ಎದ್ದಾಗ ತೋರಿಸೋ ನಂಬರು. ಇದು ಅವತ್ತು ಕೆಲಸಾನೇ ಮಾಡಿಲ್ಲ ಕಣೇ. ಬೇರೆ ಯಾವುದೋ ಬ್ಯಾಟರಿ ಒಳಗೆ ಕೂತಿತ್ತು. ವಿಮಾನ ಬಿದ್ದ ಮೇಲೆ ಯಾರೋ ಅದನ್ನ ತೆಗೆದು, ಇದನ್ನ ವಾಪಸ್ ಇಟ್ಟಿದ್ದಾರೆ.”

ಮಗಳು ಕುರ್ಚಿಯ ಮೇಲೆ ಕುಸಿದಳು. “ಹಾಗಾದ್ರೆ ಅಪ್ಪನ ತಲೆ ಸರಿಯಾಗಿದೆ.”

“ನಿನ್ನ ತಲೆಗಿಂತ, ನನ್ನ ತಲೆಗಿಂತ ಸರಿಯಾಗಿದೆ.”

ಆ ಸಂತೋಷದ ನಡುವೆಯೂ ಗುಬ್ಬಿಯ ವೃತ್ತಿಬುದ್ಧಿ ಸುಮ್ಮನಿರಲಿಲ್ಲ. ಕ್ಲಬ್ಬಿನಲ್ಲಿ ಎಲ್ಲರ ಡಬ್ಬಿಗಳೂ ಒಂದೇ ಮೇಜಿನ ಮೇಲಿರಬೇಕು. ಇಬ್ಬರು ಒಂದೇ ಚಾನೆಲ್ ಬಳಸಿ ವಿಮಾನ ಬೀಳಬಾರದೆಂದು, ತನ್ನ ಚಾನೆಲ್ಲಿನ ಸಂಖ್ಯೆ ಬರೆದ ಬಟ್ಟೆಕ್ಲಿಪ್ಪನ್ನು ಹಲಗೆಯಿಂದ ತೆಗೆದುಕೊಳ್ಳದೆ ಯಾರೂ ಸ್ವಿಚ್ ಒತ್ತುವಂತಿಲ್ಲ. ಅವತ್ತು ಬೆಳಿಗ್ಗೆ ಮಾಮನ ಡಬ್ಬಿಯ ಹತ್ತಿರ ಸುಳಿದವರು, ಮಗಳೇ ಹೇಳಿದಂತೆ, ಮೂರೇ ಜನ. “ಅಜ್ಜಂದಿರ ಕಾಲ ಮುಗೀತು” ಎಂದು ವರ್ಷದಿಂದ ಗೊಣಗುತ್ತಿದ್ದ ಕಾರ್ಯದರ್ಶಿ ಒಬ್ಬ; ಆದರೆ ಸಂಚು ಹೂಡುವವನು ತನ್ನ ಹೆಗಲನ್ನೇ ವಿಮಾನದ ಕೆಳಗೆ ಒಡ್ಡುತ್ತಾನೆಯೇ? ಚಹಾದ ಫ್ಲಾಸ್ಕ್ ತಂದವಳು ಇದೇ ಮಗಳು. ಅಪ್ಪ ಬಿಸಿಲಲ್ಲಿ ನಿಲ್ಲುವುದು ಇವಳಿಗೆ ಸೇರದು, ನಿಜ. ಆದರೆ ಟಾರ್ಚಿಗೆ ಸೆಲ್ ಹಾಕಲೂ ಗಂಡನನ್ನು ಕೂಗುವವಳು. ಮೂರನೆಯವನು ವಿಮಾನದ ಸಾಮಾನಿನ ಅಂಗಡಿಯ ಗೋಂದು.

ಗುಬ್ಬಿ ಡಬ್ಬಿಯ ಹಿಂಬದಿಯ ಗೂಡಿಗೆ ಟಾರ್ಚ್ ಬಿಟ್ಟಳು. ಮೂಲೆಯಲ್ಲಿ ಏನೋ ಅಂಟಿತ್ತು. ಚಿಮಟದಿಂದ ಎಳೆದಳು. ಬೆರಳುಗುರಿನಷ್ಟು ನೀಲಿ ಸ್ಪಂಜು.

ಗೂಡಿಗಿಂತ ಚಿಕ್ಕ ಬ್ಯಾಟರಿ ಇಟ್ಟವರು ಮಾತ್ರ ಸ್ಪಂಜು ತುರುಕುತ್ತಾರೆ. ಅವಳು ಅದನ್ನು ಒಂದು ಕಾಗದದಲ್ಲಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.

ಹೊರಗೆ ಕಿಟಕಿಯ ಪಕ್ಕ ಮಾಮ ಕೂತಿದ್ದರು. ಮಡಿಲಲ್ಲಿ ಮುರಿದ ಹಳದಿ ರೆಕ್ಕೆ. ಅದನ್ನು ಸರಿಮಾಡುತ್ತಿರಲಿಲ್ಲ, ಸುಮ್ಮನೆ ಸವರುತ್ತಿದ್ದರು.

“ಮಾಮ, ಒಂದೇ ಒಂದು ಪ್ರಶ್ನೆ. ಅವತ್ತು ಡಬ್ಬಿ ಹಗುರ ಅನ್ನಿಸ್ತಾ?”

ಬೆರಳು ರೆಕ್ಕೆಯ ಮೇಲೆ ನಿಂತಿತು. “ಮರೆತೆ ಕಣಮ್ಮ.”

“ಯಾವತ್ತೂ ಎರಡೇ ಸಲ ಹಾರಿಸ್ತಿದ್ದೋರು, ಅವತ್ತು ಯಾಕೆ ಮೂರನೇ ಸಲ ಹಾರಿಸಿದ್ರಿ?”

“ಅದೂ ಮರೆತೆ. ವಯಸ್ಸಾಯ್ತಲ್ಲ. ನೀನು ಸಂಜೆ ಗಾಡಿಗೆ ಹೊರಟುಬಿಡು ಗುಬ್ಬಿ. ನಾಳೆ ಸಭೆಗೆ ಬರೋದು ಬೇಡ. ಹಳೇ ಮುದುಕ ಬೈಸಿಕೊಳ್ಳೋದು ನೋಡೋಕೆ ಯಾಕೆ ರಜಾ ಹಾಳು ಮಾಡ್ಕೊಳ್ತೀಯ?”

ಅವರ ಮಾತಿನಲ್ಲಿ ಕೋಪವಿರಲಿಲ್ಲ, ಬೇಡಿಕೆಯಿತ್ತು. ಗುಬ್ಬಿ, ನಾಳೆ ಹತ್ತು ಗಂಟೆಯೊಳಗೆ ಈ ಮನುಷ್ಯನಿಗೆ ಅವರ ತಲೆಯನ್ನು ವಾಪಸ್ ಕೊಡಿಸುತ್ತೇನೆ ಎಂದುಕೊಂಡು ಚಪ್ಪಲಿ ಮೆಟ್ಟಿದಳು.

ಗೋಂದಿನ ಅಂಗಡಿ ಎರಡು ಬೀದಿ ಆಚೆ. ಒಳಗೆ ಕಾಲಿಟ್ಟರೆ ನಲವತ್ತು ವರ್ಷ ಹಿಂದಕ್ಕೆ ಹೋದಂತೆ. ಬಾಲ್ಸಾ ಮರದ ಹಾಳೆಗಳು, ಗಾತ್ರದ ಪ್ರಕಾರ ತೂಗುಹಾಕಿದ ಪಂಖಗಳು, ಬಣ್ಣ, ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆಯ ಸುರುಳಿಗಳು. ಎಲ್ಲಕ್ಕೂ ಮಿಗಿಲಾಗಿ ಅಂಟಿನ ವಾಸನೆ. ಹನ್ನೆರಡರ ವಯಸ್ಸಿನಲ್ಲಿ ಎರಡು ಬೆರಳು ಅಂಟಿಸಿಕೊಂಡು ಇಡೀ ಭಾನುವಾರ ಹಾಗೇ ತಿರುಗಿದ್ದಕ್ಕೆ ಇವನಿಗೆ ಆ ಹೆಸರು ಬಂದದ್ದು. ಈಗ ತಲೆ ಬೋಳಾಗಿದೆ, ಬೆರಳಲ್ಲಿ ಅಂಟು ಇನ್ನೂ ಇದೆ.

“ಅರೆ, ಗುಬ್ಬಿ! ಬಂದವಳು ಮೊದಲು ಇಲ್ಲಿಗೆ ಬರೋದಲ್ವಾ?” ನಗು ಬಾಯಿಯಲ್ಲಿತ್ತು, ಕಣ್ಣಿಗೆ ಏರಿರಲಿಲ್ಲ.

“ಬಂದೆನಲ್ಲ. ನಿನ್ನ ಹತ್ರ ನೀಲಿ ಸ್ಪಂಜು ಇದೆಯಾ?”

“ನೀಲೀದಾ? ಇಲ್ಲ. ಬಿಳೀದಿದೆ, ಕೊಡ್ಲಾ?”

ಗುಬ್ಬಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದಕ್ಕೆ ಕೈ ಚಾಚಿ, ಅಲ್ಲಿ ನಿಲ್ಲಿಸಿದ್ದ ಸ್ಪಂಜಿನ ಹಾಳೆಯನ್ನು ಎಳೆದು ಮೇಜಿನ ಮೇಲೆ ಹರಡಿದಳು. ಆಕಾಶದಷ್ಟೇ ನೀಲಿ. ಒಂದು ಮೂಲೆಯಲ್ಲಿ ಕತ್ತರಿಸಿದ ಗುರುತು. ಅದರ ಪಕ್ಕ ಕಾಗದದ ಪೊಟ್ಟಣ ಬಿಚ್ಚಿಟ್ಟಳು.

“ನೀನು ಸುಳ್ಳು ಹೇಳೋದ್ರಲ್ಲಿ ಆಗಲೂ ದಡ್ಡನೇ, ಈಗಲೂ ದಡ್ಡನೇ. ಮಾಮನ ಡಬ್ಬಿ ಬಿಚ್ಚಿದ್ದು ಯಾಕೆ?”

ಗೋಂದು ಹೋಗಿ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದ.

“ಲಿಥಿಯಂ ಬ್ಯಾಟರಿ,” ಎಂದ ಮೆಲ್ಲಗೆ. “ಮೂರು ಸೆಲ್ಲಿಂದು. ಹೊಸಾದು.”

“ಬೇಕೂಂತ ಹಾಕಿದ್ಯಾ?”

“ಬೇಕೂಂತಲೇ ಹಾಕಿದೆ. ಆದ್ರೆ ನೀನು ತಿಳ್ಕೊಂಡಿರೋ ಹಾಗಲ್ಲ. ಅದು ಉಡುಗೊರೆ ಕಣೇ! ಮಾಮನ ಹಳೇ ಬ್ಯಾಟರಿ ಇಟ್ಟಿಗೆ ಇದ್ದ ಹಾಗಿತ್ತು, ಡಬ್ಬೀನ ಕುತ್ತಿಗೆಗೆ ಹಾಕ್ಕೊಂಡು ಭುಜ ನೋವು ಅಂತಿದ್ರು. ಕೇಳಿದ್ರೆ ಬೇಡ ಅಂತಾರೆ. ಅದಕ್ಕೆ ಅವರು ಚಹಾ ಕುಡೀತಾ ಇದ್ದಾಗ ಹಾಕ್ಬಿಟ್ಟೆ. ಹಳೇದನ್ನ ಅವರದೇ ಪೆಟ್ಟಿಗೇಲಿ ಬಟ್ಟೆ ಸುತ್ತಿ ಇಟ್ಟೆ. ಒಂದು ಸಲ ಹಾರಿಸಿ, ‘ಇದೇನೋ ಇವತ್ತು ಡಬ್ಬಿ ಹಗುರ’ ಅಂತಾರೆ, ಆಗ ಹೇಳೋಣ ಅಂದ್ಕೊಂಡೆ.”

“ಚಾರ್ಜ್ ಮಾಡಿದ್ಯಾ?”

ಅವನು ತಲೆ ತಗ್ಗಿಸಿದ. “ಪ್ಯಾಕಿಂದ ತೆಗೆದು ಹಾಗೇ ಹಾಕಿದೆ. ಒಂದು ಹಾರಾಟಕ್ಕೆ ಬೇಕಾದಷ್ಟಿತ್ತು.”

ಗುಬ್ಬಿ ಕಣ್ಣು ಮುಚ್ಚಿದಳು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಎಂಟು ಸೆಲ್ಲಿನ ಹಳೆಯ ನಿಕಲ್ ಬ್ಯಾಟರಿಗೆ 10.9 ಎಂದರೆ ಹೊಟ್ಟೆ ತುಂಬಿದೆ ಎಂದರ್ಥ. ಮೂರು ಸೆಲ್ಲಿನ ಲಿಥಿಯಮ್ಮಿಗೆ ಅದೇ 10.9 ಎಂದರೆ ತಳ ಕಾಣುತ್ತಿದೆ ಎಂದರ್ಥ. ಅದು ಮೆಲ್ಲಮೆಲ್ಲಗೆ ಇಳಿಯುತ್ತದೆ, ಆಮೇಲೆ ಒಮ್ಮೆಲೇ ಬೀಳುತ್ತದೆ. ಮೂರರಲ್ಲಿ ಒಂದು ಸೆಲ್ ಬರಿದಾದರೂ ಸಾಕು, ಒಳಗಿನ ಕಾವಲು ಸರ್ಕ್ಯೂಟು ಬಾಗಿಲು ಹಾಕಿ ವಿದ್ಯುತ್ತನ್ನೇ ನಿಲ್ಲಿಸಿಬಿಡುತ್ತದೆ. 9.3ಕ್ಕೆ ಕೂಗಬೇಕಿದ್ದ ಬಜರಿಗೆ ಬಾಯಿ ತೆರೆಯಲೂ ಸಮಯ ಸಿಕ್ಕಿರಲಿಲ್ಲ.

ಅಲ್ಲದೆ ಆ ಸಂಖ್ಯೆಯೇ ಮಾಮನನ್ನು ಮರುಳು ಮಾಡಿತ್ತು. ಎರಡು ಹಾರಾಟದ ಮೇಲೂ 10.7! ಹುಟ್ಟುಹಬ್ಬದ ದಿನ, ಮುದಿ ಬ್ಯಾಟರಿಗೆ ಪ್ರಾಯ ಬಂದಿದೆ, ತನ್ನ ಭುಜಕ್ಕೂ ಬಂದಿದೆ. ಅದಕ್ಕೇ ಮೂರನೇ ಸಲ. ಪ್ರತಿಯೊಂದು ಸಲವೂ ಓದಿದ್ದರು, ಬರೆದಿದ್ದರು. ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೇ ಬಿದ್ದಿದ್ದರು.

“ಎರಡನೇ ಸಲ ಹೊರಟಾಗ ಯಾಕೆ ತಡೀಲಿಲ್ಲ?” ಅವಳ ದನಿ ಏರಿತು.

“ಗೇಟಲ್ಲಿ ಒಬ್ಬ ಗಿರಾಕಿ ಹಿಡ್ಕೊಂಡ. ಗ್ಲೈಡರ್ ಬಗ್ಗೆ ಕೇಳಿದ. ನಂಗೆ ಮಾತು ಶುರುವಾದ್ರೆ ಗೊತ್ತಲ್ಲ ನಿಂಗೆ... ಕತ್ತೆತ್ತಿ ನೋಡೋ ಹೊತ್ತಿಗೆ ವಿಮಾನ ಮೂಗು ಕೆಳಗೆ ಮಾಡಿತ್ತು.”

“ಸರಿ. ತಪ್ಪು ಎಲ್ಲರಿಗೂ ಆಗುತ್ತೆ. ಆದ್ರೆ ಆಮೇಲೆ ಕದ್ದು ಹಳೇ ಬ್ಯಾಟರಿ ಇಟ್ಟೆಯಲ್ಲ, ಅದು ತಪ್ಪಲ್ಲ, ಮೋಸ. ಒಂದು ವಾರದಿಂದ ಆ ಮನುಷ್ಯನ್ನ ಅರಳುಮರಳು ಅಂತಿದ್ದಾರೆ. ಕೇಳಿಕೊಂಡು ಅಂಗಡೀಲಿ ಕೂತಿದ್ದೀಯ. ನಾಚಿಕೆ ಆಗಲ್ವೇನೋ?”

“ಆಗುತ್ತೆ. ಊಟ ಸೇರ್ತಿಲ್ಲ. ಆದ್ರೆ ಬ್ಯಾಟರಿ ವಾಪಸ್ ಇಟ್ಟಿದ್ದು ನಾನಲ್ಲ.”

“ಮತ್ತೆ ಸುಳ್ಳು.”

“ನನ್ನ ಮಕ್ಕಳಾಣೆ! ನಾನು ಓಡಿಹೋಗಿ ಕಾರ್ಯದರ್ಶೀನ ಎತ್ತಿ ಕಾರಲ್ಲಿ ಕೂರಿಸಿದೆ. ಎಲ್ಲರೂ ಅಲ್ಲೇ ಇದ್ವಿ. ವಾಪಸ್ ಬಂದಾಗ ಕಮಿಟಿಯೋರು ಡಬ್ಬಿ ಬಿಚ್ತಾ ಇದ್ರು. ನನ್ನ ಜೀವ ಬಾಯಿಗೆ ಬಂತು. ನೋಡ್ತೀನಿ, ಒಳಗೆ ಹಳೇ ಬ್ಯಾಟರಿ! ಸಂಜೆ ಮನೆಗೆ ಬಂದು ನನ್ನ ಹತಾರದ ಪೆಟ್ಟಿಗೆ ತೆಗೆದ್ರೆ ಹೊಸದು ಅದರೊಳಗೆ ಬಿದ್ದಿತ್ತು, ಅದೇ ಸ್ಪಂಜು ಸುತ್ಕೊಂಡು. ಯಾರಿಗೋ ಎಲ್ಲ ಗೊತ್ತು ಗುಬ್ಬಿ. ಯಾವತ್ತು ಬಂದು ನನ್ನ ಕುತ್ತಿಗೆ ಹಿಡೀತಾರೋ ಅಂತ ದಿನಾ ಬಾಗಿಲು ನೋಡ್ತಾ ಕೂತಿದ್ದೀನಿ.”

“ಹಾಗಿದ್ರೆ ನೀನೇ ಮೊದಲು ಹೋಗಿ ಹೇಳ್ಬೇಕಿತ್ತು. ಉಡುಗೊರೆ ಅಂತ ಹೇಳಿದ್ರೆ ಯಾರು ನೇಣು ಹಾಕ್ತಿದ್ರು?”

ಗೋಂದು ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

“ಉಡುಗೊರೆ ಅಂತ ಹೇಳಿದ್ರೆ, ಯಾರದ್ದು ಅಂತ ಕೇಳ್ತಾರಲ್ಲ. ‘ಏನಾದ್ರೂ ಕೊಟ್ಬಿಡೋ, ಹೇಳಿದ್ರೆ ಬೇಡ ಅಂತಾರೆ, ಹೇಳದೇ ಕೊಡು’ ಅಂತ ಫೋನಲ್ಲಿ ಅಂದಿದ್ದು ಯಾರು ಗುಬ್ಬಿ?”

ಗುಬ್ಬಿ ಪಕ್ಕದ ಸ್ಟೂಲನ್ನು ಕೈಯಿಂದ ತಡಕಿ ಹಿಡಿದು ಕೂತಳು. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಬೆಂಕಿಗಳ ಜಾಡು ಹಿಡಿದು ಹೋಗಿದ್ದಳು. ಒಂದರ ಜಾಡೂ ಅವಳ ಸ್ವಂತ ಬಾಗಿಲಿಗೆ ಬಂದು ನಿಂತಿರಲಿಲ್ಲ.

“ಬ್ಯಾಟರಿ ಎಲ್ಲಿ?” ಎಂದಳು.

ಅವನು ಒಳಗಿನಿಂದ ಒಂದು ಹಳೆಯ ಬಣ್ಣದ ಡಬ್ಬ ಹೊತ್ತು ತಂದ. ಬ್ಯಾಟರಿ ಹೊತ್ತಿಕೊಂಡೀತೆಂಬ ಭಯಕ್ಕೆ ಅದರ ತುಂಬ ಮರಳು ಸುರಿದಿದ್ದ. ಮರಳಿನಲ್ಲಿ ಕೈಯಾಡಿಸಿ ನೀಲಿ ಸ್ಪಂಜಿನ ಪೊಟ್ಟಣವೊಂದನ್ನು ಎತ್ತಿಕೊಟ್ಟ. “ಬಂದ ಹಾಗೇ ಹೂತಿಟ್ಟೆ. ಬಿಚ್ಚಿ ನೋಡೋ ಧೈರ್ಯ ಬರಲಿಲ್ಲ.”

ಗುಬ್ಬಿ ಬಿಚ್ಚಿದಳು. ಅಂಗೈಯಲ್ಲಿ ಹಿಡಿಯುವಷ್ಟು ಹಗುರಾದ ಬ್ಯಾಟರಿ. ಒಂದು ಬದಿಗೆ ಗೋಂದಿನ ಸೊಟ್ಟ ಅಕ್ಷರದ ಚೀಟಿ: ‘ಮಾಮನಿಗೆ, ಗುಬ್ಬಿಯಿಂದ’.

ತಿರುಗಿಸಿದಳು. ಇನ್ನೊಂದು ಬದಿಗೆ ಇನ್ನೊಂದು ಚೀಟಿಯಿತ್ತು. ಅದು ಗೋಂದಿನ ಬರವಣಿಗೆಯಲ್ಲ. ಸಣ್ಣ, ನೆಟ್ಟಗಿನ ಅಕ್ಷರ. ‘9.4. ಭಾನುವಾರ, 11.20.’

ಸೊನ್ನೆಯ ಹೊಟ್ಟೆಯಲ್ಲಿ ಓರೆಗೆರೆ.

ಎಲ್ಲರೂ ಗಾಯಗೊಂಡವನ ಕಡೆ ಓಡಿದಾಗ, ಓಡಲಾರದೆ ಮೇಜಿನ ಹತ್ತಿರವೇ ಉಳಿದವರು ಒಬ್ಬರೇ. ಅವರು ಡಬ್ಬಿ ಬಿಚ್ಚಿದ್ದರು. ಚೀಟಿಯಲ್ಲಿ ಅವಳ ಹೆಸರು ಓದಿದ್ದರು. ಅಂಥ ಹೊತ್ತಿನಲ್ಲೂ ಅಳೆಯದೆ ಇರಲಾಗದೆ ಅಳೆದು, ಬರೆದು, ಹಳೆಯದನ್ನು ಒಳಗಿಟ್ಟು, ಸೊಟ್ಟ ಅಕ್ಷರದ ಗುರುತು ಹಿಡಿದು ಹೊಸದನ್ನು ಗೋಂದಿನ ಪೆಟ್ಟಿಗೆಗೆ ಸೇರಿಸಿದ್ದರು. ಪುಸ್ತಕ ಕಳೆದಿರಲಿಲ್ಲ, ಗುಂಡಿಗಳ ಅಡಿ ಬಚ್ಚಿಟ್ಟಿದ್ದರು. ‘ಮರೆತೆ’ ಎಂದದ್ದರಲ್ಲಿ ಒಂದೂ ಮರೆವಾಗಿರಲಿಲ್ಲ. ನಾಳೆ ಹತ್ತಕ್ಕೆ ಅವಳು ಎದ್ದು ನಿಂತು ನಿಜ ಹೇಳಿದರೆ ಮಾಮನಿಗೆ ಅವರ ಆಕಾಶ ಮರಳಿ ಸಿಗುತ್ತದೆ; ಅವರು ಒಂದು ವಾರ ಹಲ್ಲು ಕಚ್ಚಿ ಕಾಪಾಡಿದ್ದು ಮಣ್ಣುಪಾಲಾಗುತ್ತದೆ.

“ಏನೇ ಅದು? ಕೆಳಗೆ ಇನ್ನೂ ಏನೋ ಬರೆದಿದೆಯಲ್ಲ,” ಎಂದ ಗೋಂದು, ಬಗ್ಗಿ.

ಗುಬ್ಬಿ ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಬೆಳಕಿಗೆ ಹಿಡಿದಳು. ಕೊನೆಯ ಸಾಲು ಇನ್ನೂ ಸಣ್ಣದಾಗಿತ್ತು.

‘ಬ್ಯಾಟರಿ ಒಳ್ಳೆಯದೇ. ಗುಬ್ಬಿಗೆ ಹೇಳಬೇಡ.’